ಮೊಟ್ಟೆ ಪಾತ್ರೆ

ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಎರಡು ಲೀಟರಿನ ಸ್ಟೀಲ್ ಪಾತ್ರೆ ಹಿಡಿದು ನಿಂತಿದ್ದೆ. "ಹಾಲಿಗಾ ಮೇಡಂ, ಸಾರಿಗಾ?" ಅಂತ ಅಂಗಡಿಯವರು ಕೇಳಿದರು. ಎರಡಕ್ಕೂ ಅಲ್ಲ. ಯಾತಕ್ಕೆ ಅಂತ ಹೇಳೋ ಹಾಗೂ ಇಲ್ಲ. ಪಕ್ಕದಲ್ಲೇ ಒಬ್ಬರು ಅಜ್ಜಿ ಒಗ್ಗರಣೆ ಸೌಟು ಆರಿಸುತ್ತಿದ್ದರು. "ಸುಮ್ನೆ, ಏನಾದ್ರೂ ಕುದಿಸೋಕೆ" ಅಂದೆ. "ಹೆಸರು ಹಾಕ್ಲಾ?" ಅಂತ ಅವರು ಕೊರೆಯುವ ಮಿಷನ್ ಕೈಗೆತ್ತಿಕೊಂಡರು. ಬೇಡವೇ ಬೇಡ ಅಂದೆ. ಈ ಪಾತ್ರೆಯ ಮೇಲೆ ಗಂಡನ ಮನೆತನದ ಹೆಸರು ಇರುವುದು ಯಾರ ಮರ್ಯಾದೆಗೂ ಒಳ್ಳೆಯದಲ್ಲ.

ವಿಷಯ ಇಷ್ಟೇ. ಮದುವೆಯಾಗಿ ಆರು ವರ್ಷ. ನಮ್ಮ ಬೀರುವಿನ ಕೆಳಗಿನ ಖಾನೆಯಲ್ಲಿ ಕೆಲವು ಸಾಮಾನುಗಳಿವೆ. ಇಬ್ಬರೂ ಕೂತು, ನಕ್ಕು, ನಾಚಿಕೊಂಡು, ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಆರ್ಡರ್ ಮಾಡಿದವು. ಡಬ್ಬದ ಮೇಲೆ 'ಬಾಡಿ ಮಸಾಜರ್' ಅಂತ ಇತ್ತು. ಕಸ್ಟಮ್ಸ್‌ನವರು ಒಮ್ಮೆ ಇಂಥ ಬಾಡಿ ಮಸಾಜರ್‌ಗಳನ್ನೇ ಹಿಡಿದಿಟ್ಟು, ಇವು ಹಾಸಿಗೆಯ ಆಟಕ್ಕೂ ಬರುತ್ತವೆ ಎಂದಿದ್ದರು. 2024ರಲ್ಲಿ ಬಾಂಬೆ ಹೈಕೋರ್ಟು ಅದು ಅಧಿಕಾರಿಯ ಕಲ್ಪನೆ ಎಂದು ತಳ್ಳಿಹಾಕಿತು. ಕಲ್ಪನೆ ನಮಗೂ ಇತ್ತು, ನಾವು ಕೋರ್ಟಿಗೆ ಹೋಗಲಿಲ್ಲ ಅಷ್ಟೇ.

ತರಿಸೋದು ಸುಲಭ. ತೊಳೆಯೋದು ಹೇಗೆ? ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಕಬ್ಬಿಣದ ಕಾವಲಿಗೆ ಎಣ್ಣೆ ಅಂತ ಅಮ್ಮ ಒಂದೊಂದಕ್ಕೂ ಹೇಳಿ ಕಳಿಸಿದ್ದಳು. ಈ ಖಾನೆ ಅವಳ ಸಿಲಬಸ್ಸಿನಲ್ಲಿ ಇರಲಿಲ್ಲ.

ಗಂಡ ಮೊದಲು ನೆಲ ಒರೆಸುವಾಗ ಬಕೆಟ್ಟಿಗೆ ಹಾಕುವ ಆಂಟಿಸೆಪ್ಟಿಕ್ ಲಿಕ್ವಿಡ್ಡಿನಲ್ಲಿ ಎಲ್ಲವನ್ನೂ ನೆನೆಹಾಕಿದ. ಕ್ಲೀನ್ ಆಯ್ತು, ನಿಜ. ಆದರೆ ಆಮೇಲೆ ಎರಡು ದಿನ ನಾನು ಆಫೀಸಿನಲ್ಲಿ ಕೂತಲ್ಲಿ ಕೂರಲಾಗದೆ ಒದ್ದಾಡಿದೆ. "ಬೆನ್ನುನೋವಾ?" ಅಂತ ಮ್ಯಾನೇಜರ್ ಕೇಳಿದರು. ಹೂಂ ಅಂದೆ. ಒಳಗಿನ ಚರ್ಮ ಮೊಸಾಯಿಕ್ ನೆಲ ಅಲ್ಲ. ವಾಸನೆ ಇಲ್ಲದ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು, ನೊರೆ ಪೂರ್ತಿ ಹೋಗುವವರೆಗೆ ತೊಳೆಯೋದು, ಇಷ್ಟು ಸಾಕಿತ್ತು.

ಆಮೇಲೆ ಅವನಿಗೆ ಕುದಿಸುವ ಹುಚ್ಚು ಹತ್ತಿತು. ಐದು ನಿಮಿಷ ಕುದಿಸಿದರೆ ಕ್ರಿಮಿ ಸಾಯುತ್ತೆ ಅಂತ ಎಲ್ಲೋ ಓದಿಕೊಂಡು ಬಂದ. ಓದಿದ್ದು ಸರಿಯೇ, ಅರ್ಧ ಓದಿದ್ದ. ಮೋಟಾರ್ ಇಲ್ಲದ, ಅಪ್ಪಟ ಸಿಲಿಕೋನಿನದು ಅಥವಾ ಸ್ಟೀಲಿನದು ಆದರೆ ಕುದಿಸಬಹುದು. ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದ, ಹಿಡಿದರೆ ಜೆಲ್ಲಿಯ ಹಾಗೆ ಮೆತ್ತಗಿದ್ದ, ಹೊಸ ಚಪ್ಪಲಿಯ ವಾಸನೆ ಹೊಡೆಯುವ ಒಂದು ಗುಲಾಬಿ ಸಾಮಾನಿತ್ತು. ಅದನ್ನೂ ಹಾಲಿನ ಪಾತ್ರೆಗೆ ಹಾಕಿ ಕುದಿಸಿದ. ಹೊರಗೆ ತೆಗೆದಾಗ ಅದು ಹಿಟ್ಟು ಕಮ್ಮಿ ಬಿದ್ದ ರಾಗಿ ಮುದ್ದೆಯ ಹಾಗೆ ಒಂದು ಕಡೆ ವಾಲಿಕೊಂಡಿತ್ತು. ಇಂಥ ಮೆತ್ತನೆಯದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಎಷ್ಟು ತೊಳೆದರೂ ಒಳಗಿನ ಕ್ರಿಮಿ ಪೂರ್ತಿ ಹೋಗಲ್ಲ. ಇಟ್ಟುಕೊಳ್ಳಲೇಬೇಕಾದರೆ ಪ್ರತಿ ಸಲ ಕಾಂಡೋಮ್ ಹಾಕಬೇಕು. ನಮ್ಮದು ಆ ಹಂತ ದಾಟಿತ್ತು.

ಆ ಪಾತ್ರೆಯಲ್ಲಿ ಮತ್ತೆ ಹಾಲು ಕಾಯಿಸಲು ನನಗೆ ಮನಸ್ಸು ಬರಲಿಲ್ಲ. ಈಗ ಅದರಲ್ಲಿ ದೊಡ್ಡಪತ್ರೆ ಗಿಡ ಇದೆ, ಸೊಗಸಾಗಿ ಹಬ್ಬಿದೆ. ಹಾಗೆ ಗಾಂಧಿ ಬಜಾರಿನ ಹೊಸ ಪಾತ್ರೆ ಮನೆಗೆ ಬಂತು. ತಳಕ್ಕೆ ಒಂದು ಮಡಿಸಿದ ಬಟ್ಟೆ, ಸಾಮಾನು ಬಿಸಿ ಸ್ಟೀಲಿಗೆ ತಾಗದ ಹಾಗೆ. ಮೇಲೆ ತಟ್ಟೆ ಮುಚ್ಚಳ, ಯಾರ ಕಣ್ಣಿಗೂ ಬೀಳದ ಹಾಗೆ.

ಆ ತಿಂಗಳೇ ಹಾಸನದಿಂದ ಅತ್ತೆ ಬಂದರು. ಬಂದ ಎರಡನೇ ದಿನ ಅಡುಗೆಮನೆಯ ಕೆಳಗಿನ ಶೆಲ್ಫಿಗೆ ಕೈ ಹಾಕಿ, "ಇದೇನೋ ಹೊಸ ಪಾತ್ರೆ! ಪಾಯಸಕ್ಕೆ ಹೇಳಿ ಮಾಡಿಸಿದ ಹಾಗಿದೆ" ಅಂತ ಹೊರಗೆ ಎಳೆದರು. ಹಾಲ್‌ನಿಂದ ಗಂಡ ಕೂಗಿಕೊಂಡ. "ಅಮ್ಮಾ, ಮುಟ್ಬೇಡ! ಅದು ಮೊಟ್ಟೆ ಪಾತ್ರೆ!"

ಅತ್ತೆ ಕೆಂಡ ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು. ಸಿಂಕಿಗೆ ಹೋಗಿ ಮೊಣಕೈವರೆಗೂ ತೊಳೆದುಕೊಂಡರು. ಬೈಯಲಿಲ್ಲ. ಎರಡು ಗಂಟೆ ಮಾತೂ ಆಡಲಿಲ್ಲ. ಗಂಡ ನನ್ನ ಕಡೆ ತಿರುಗಿ ಗೆದ್ದವನ ಹಾಗೆ ಕಣ್ಣು ಹೊಡೆದ. ಇನ್ನು ಪ್ರಳಯ ಆದರೂ ನಮ್ಮ ಕಡೆಯ ಒಂದು ನರಪಿಳ್ಳೆ ಆ ಪಾತ್ರೆ ಮುಟ್ಟುವುದಿಲ್ಲ, ಅಲ್ವಾ? ಬ್ಯಾಂಕ್ ಲಾಕರಿಗೂ ಅಷ್ಟು ಭದ್ರತೆ ಇಲ್ಲ.

ಅವನು ಮರೆತದ್ದು ಒಂದೇ. ಸಂಜೆ ಅತ್ತೆ ದೊಡ್ಡ ಗಣಪತಿ ಗುಡಿಗೆ ಹೋಗಿದ್ದು ಕೆಳಗಿನ ಮನೆ ಓನರ್ ಆಂಟಿಯ ಜೊತೆ. ಬಸವನಗುಡಿಯ ಈ ಮನೆ ನಮಗೆ ಸಿಕ್ಕಿದ್ದೇ ನಾವು 'ಪ್ಯೂರ್ ವೆಜ್' ಅಂತ. ಮಾರನೇ ದಿನ ಬೆಳಿಗ್ಗೆ ಆಂಟಿ ಮೆಟ್ಟಿಲ ಹತ್ತಿರವೇ ಹಿಡಿದರು. "ಮೊಟ್ಟೆ ಬೇಯಿಸ್ತೀರಂತೆ?" ಆ ಮನೆಯಲ್ಲಿ ಅಲ್ಲಿಯವರೆಗೆ ಒಂದು ಮೊಟ್ಟೆ ಒಡೆದಿರಲಿಲ್ಲ. ಇಲ್ಲ ಆಂಟಿ ಅನ್ನೋಣ ಅಂದರೆ ಮುಂದಿನ ಪ್ರಶ್ನೆ, ಹಾಗಾದರೆ ಆ ಪಾತ್ರೆ ಯಾತಕ್ಕೆ? ಇಬ್ಬರೂ ತಲೆ ತಗ್ಗಿಸಿ, "ತಪ್ಪಾಯ್ತು ಆಂಟಿ, ಅಪರೂಪಕ್ಕೆ" ಅಂದೆವು. ಮಾಡದ ಪಾಪ ಒಪ್ಪಿಕೊಂಡೂ ಇಷ್ಟು ನೆಮ್ಮದಿ ಸಿಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮಳೆಗಾಲ ಬಂತು. ಜುಲೈನಲ್ಲಿ ಒಂದು ದಿನ ಖಾನೆ ತೆಗೆದರೆ ಚರ್ಮದ ಕೈಪಟ್ಟಿಗಳ ಮೇಲೆ ಬೂದುಬಣ್ಣದ ಬೂಷ್ಟು. ಹಳೇ ಬ್ರೆಡ್ಡಿನ ಮೇಲೆ ಬರುತ್ತಲ್ಲ, ಥೇಟ್ ಅದೇ. ನಾನು ಅವನ್ನು ನೀರಲ್ಲಿ ಅದ್ದಿ ತೊಳೆದು, ಅಪರೂಪಕ್ಕೆ ಬಂದ ಬಿಸಿಲಿಗೆ ಕಿಟಕಿಯಲ್ಲಿ ಒಣಗಿಸಿದೆ. ಎರಡೂ ತಪ್ಪು. ಸಂಜೆಗೆ ಪಟ್ಟಿ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು, ಬಗ್ಗಿಸಿದರೆ ಬಿರುಕು.

ತಗೊಂಡು ಹೋಗಿ ಬಸ್ ಸ್ಟಾಪಿನ ಪಕ್ಕ ಕೂರುವ ಚಪ್ಪಲಿ ಹೊಲಿಯುವ ಅಣ್ಣನಿಗೆ ಕೊಟ್ಟೆ. ಅವರು ತಿರುಗಿಸಿ ನೋಡಿದರು. "ನಾಯಿ ಬೆಲ್ಟಾ ಅಕ್ಕ?"

"ಹೂಂ."

"ಎರಡಿದೆ?"

"ಎರಡು ನಾಯಿ ಅಣ್ಣ."

"ಯಾವ ಜಾತಿ?"

ಬಾಯಿಗೆ ಬಂದಿದ್ದು ಲ್ಯಾಬ್ರಡಾರ್. ಅವರು ನನ್ನ ಮಣಿಕಟ್ಟಿನಷ್ಟೇ ಅಗಲದ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. "ಊಟ ಸರಿಯಾಗಿ ಹಾಕಿ ಅಕ್ಕ, ಪಾಪ" ಅಂದರು. ಆದರೆ ಕೆಲಸ ಬಲ್ಲವರು. ಚರ್ಮಕ್ಕೆ ನೀರು ಕುಡಿಸಬಾರದು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿಗೆ ಹಾಕಬೇಕು, ಒಣಗಿದ ಮೇಲೆ ಲೆದರ್ ಕ್ರೀಮ್ ತಿಕ್ಕಬೇಕು ಅಂತ ಹೇಳಿಕೊಟ್ಟರು. ಕೊಬ್ಬರಿಎಣ್ಣೆ ಹಚ್ಚಲಾ ಅಂದಿದ್ದಕ್ಕೆ, ಕಮಟು ವಾಸನೆ ಬರುತ್ತೆ ಅಂತ ಗದರಿದರು. ಇವತ್ತಿಗೂ ಆ ಕಡೆ ಹೋದರೆ ನಾಯಿಗಳ ಆರೋಗ್ಯ ವಿಚಾರಿಸುತ್ತಾರೆ. ಒಂದು ದಪ್ಪಗಾಗಿದೆ ಅಂತ ಗಂಡನನ್ನು ನೆನೆದು ಹೇಳುತ್ತೇನೆ.

ಅದೇ ಮಳೆಗಾಲ ಲೋಹದ ಕೈಕೋಳಕ್ಕೂ ತುಕ್ಕು ಹಿಡಿಸಿತ್ತು, ನಮಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಒಂದು ಭಾನುವಾರ ಮಧ್ಯಾಹ್ನ. ಗಂಡನ ಒಂದು ಕೈ ಮಂಚದ ಕಂಬಿಯಲ್ಲಿ, ಬೀಗದೊಳಗೆ ಕೀ ತಿರುಗುತ್ತಿಲ್ಲ, ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನು. "ಮೇಡಂ, ಓಟಿಪಿ!" ಓಟಿಪಿ ಬರೋದು ಗಂಡನ ಮೊಬೈಲಿಗೆ. ಮೊಬೈಲ್ ತೆಗೆಯೋದು ಬಲಗೈ ಹೆಬ್ಬೆರಳಿಗೆ. ನಾನು ಮೊಬೈಲ್ ಹಿಡಿದು ರೂಮಿಗೆ ಓಡಿ, ಕಂಬಿಗೆ ಕಟ್ಟಿದ್ದ ಕೈಯ ಹೆಬ್ಬೆರಳಿಗೆ ಒತ್ತಿಸಿಕೊಂಡು, ಬಾಗಿಲಿಗೆ ಓಡಿ ಬಂದೆ. "ಸರ್‌ಗೆ ಹುಷಾರಿಲ್ವಾ?" ಅಂದ. ಒಳಗಿಂದ ಸರ್ರೇ "ಇಲ್ಲಪ್ಪ" ಅಂತ ಕ್ಷೀಣವಾಗಿ ಅಂದರು. ಕೊನೆಗೆ ಬೀಗ ಬಿಟ್ಟಿದ್ದು ಹೊಲಿಗೆ ಮಿಷನ್ನಿನ ಎರಡು ಹನಿ ಎಣ್ಣೆಗೆ. ಈಗ ತಿಂಗಳಿಗೊಮ್ಮೆ ಒರೆಸಿ ಎಣ್ಣೆ ಬಿಡುತ್ತೇವೆ, ಹಾಕುವ ಮೊದಲು ಕೀ ತಿರುಗಿಸಿ ನೋಡುತ್ತೇವೆ, ಎರಡನೇ ಕೀ ಕೈಗೆ ಎಟಕುವಲ್ಲೇ ಇರುತ್ತೆ. ಹಗ್ಗದ ಪಕ್ಕದಲ್ಲಿ ಮೆಡಿಕಲ್ ಶಾಪಿನ ಬ್ಯಾಂಡೇಜ್ ಕತ್ತರಿ. ಅದರ ಒಂದು ತುದಿ ಮೊಂಡು, ಆತುರದಲ್ಲಿ ಕತ್ತರಿಸಿದರೂ ಚರ್ಮಕ್ಕೆ ಚುಚ್ಚಲ್ಲ. ಹತ್ತಿ ಹಗ್ಗವನ್ನು ದಿಂಬಿನ ಕವರಿನೊಳಗೆ ಹಾಕಿ, ಬಾಯಿ ಕಟ್ಟಿ ವಾಷಿಂಗ್ ಮಿಷನ್ನಿಗೆ ಹಾಕಬೇಕು. ಹಾಗೇ ಹಾಕಿದ ದಿನ ಗಂಟು ಬಿಡಿಸುತ್ತಾ ಒಂದು ಪೂರ್ತಿ ಕ್ರಿಕೆಟ್ ಮ್ಯಾಚ್ ಮುಗಿಯಿತು.

ಮೋಟಾರ್ ಇರೋದರ ಕತೆ ಬೇರೆ. ಡಬ್ಬದ ಮೇಲೆ ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತೆ ಅಂತ ಅರ್ಥ. ಕುದಿಸಬಹುದು ಅಂತ ಅಲ್ಲ. ಐಪಿಎಕ್ಸ್4 ಅಂದರೆ ಬರೀ ನೀರು ಚಿಮ್ಮಿದರೆ ಪರವಾಗಿಲ್ಲ ಅಂತ, ಅದನ್ನು ನಲ್ಲಿ ಕೆಳಗೆ ಹಿಡಿಯೋದೂ ಬೇಡ, ಸೋಪಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮ ಬೋರ್‌ವೆಲ್ ನೀರು ಗೀಸರಿನ ಕಾಯಿಲ್ ತಿಂದ ಹಾಗೆ ಇವುಗಳ ಮೇಲೂ ಬಿಳಿ ಕಲೆ ಕೂರಿಸುತ್ತೆ. ಸ್ಟೀಲಿನದಾದರೆ ಸ್ವಲ್ಪ ವಿನಿಗರ್ ಸವರಿ ತೊಳೆದರೆ ಹೋಗುತ್ತೆ. ಇನ್ನೊಂದು, ಸಿಲಿಕೋನಿನ ಸಾಮಾನಿಗೆ ಸಿಲಿಕೋನಿನದೇ ಲೂಬ್ರಿಕೆಂಟ್ ಹಾಕಬಾರದು, ಮೇಲ್ಮೈ ಅಂಟಂಟಾಗುತ್ತೆ. ನೀರಿನದೇ ಆಗಬೇಕು. ಒಂದೇ ಗೋತ್ರ ಆಗಿಬರಲ್ಲ ಅಂತ ಅತ್ತೆ ಹೇಳ್ತಾರಲ್ಲ, ಹಾಗೆ.

ಕೊನೆಗೆ ನನ್ನ ಕೈ ಹಿಡಿದಿದ್ದು ಅಜ್ಜಿಯ ಉಪ್ಪಿನಕಾಯಿ ಜಾಡಿ. ತೊಳೆದ ಜಾಡಿಯನ್ನು ಅಜ್ಜಿ ಬೋರಲು ಹಾಕಿ, ಒರೆಸಿ, ಮತ್ತೆ ಒಣಗಿಸಿ, ಒಳಗೆ ಕೈಬೆರಳಾಡಿಸಿ ಪಸೆ ಇಲ್ಲ ಅಂತ ಖಾತ್ರಿ ಆದ ಮೇಲೇ ಮುಚ್ಚಳ ಮುಚ್ಚುತ್ತಿದ್ದಳು. ಮಾವಿನಕಾಯಿಗೂ ನಿಂಬೆಗೂ ಬೇರೆ ಬೇರೆ ಜಾಡಿ. ಒಂದರ ಸೌಟು ಇನ್ನೊಂದಕ್ಕಿಲ್ಲ. ಈ ಖಾನೆಗೂ ಅದೇ ಮಡಿ. ಪಸೆ ಇದ್ದಾಗ ಎತ್ತಿಡಬಾರದು, ಒಂದಕ್ಕೊಂದು ತಾಗಿಸಿ ಇಡಬಾರದು. ಆ ಗುಲಾಬಿ ಸಾಮಾನು ಸಾಯುವ ಮುಂಚೆ ಪಕ್ಕದ ಸಿಲಿಕೋನಿನದಕ್ಕೆ ಅಂಟಿಕೊಂಡು ಅದರ ಮೈಯನ್ನೂ ಹಾಳು ಮಾಡಿತ್ತು.

ಬೇರೆ ಬೇರೆ ಚೀಲಕ್ಕೆ ನಾವು ದುಡ್ಡು ಕೊಡಲಿಲ್ಲ. ಕನ್ನಡದವರ ಮನೆಯಲ್ಲಿ ತಾಂಬೂಲದ ಚೀಲಕ್ಕೆ ಬರವೇ? ಹತ್ತಿ ಬಟ್ಟೆಯದನ್ನು ಆರಿಸಿಕೊಂಡೆ, ಗಾಳಿ ಆಡುತ್ತೆ. ಹಾಗಾಗಿ ನಮ್ಮ ಖಾನೆ ತೆಗೆದರೆ ಸಾಲಾಗಿ ಚಿ. ಸೌ. ಇಂಥವರು, ಚಿ. ರಾ. ಇಂಥವರು, ಶುಭವಿವಾಹ. ಕೈಕೋಳ ಇರೋದು ನನ್ನ ದೊಡ್ಡಪ್ಪನ ಮೊಮ್ಮಗನ ಉಪನಯನದ ಚೀಲದಲ್ಲಿ.

ಅಕ್ಟೋಬರಿನಲ್ಲಿ ಒಂದು ರಾತ್ರಿ ಒಂಬತ್ತು ಗಂಟೆ. ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಬಾಗಿಲು ಬಡಿದ ಸದ್ದು. ಓನರ್ ಆಂಟಿ. ಸೆರಗಿನೊಳಗೆ ಏನೋ ಮುಚ್ಚಿಕೊಂಡಿದ್ದಾರೆ. ಒಳಗೆ ಬಂದು ಬಾಗಿಲು ತಾವೇ ಹಾಕಿಕೊಂಡರು.

"ಅಂಕಲ್‌ಗೆ ಆಪರೇಷನ್ ಆಯ್ತಲ್ಲ. ದಿನಾ ಒಂದು ಮೊಟ್ಟೆ ಕೊಡಿ ಅಂದಿದ್ದಾರೆ ಡಾಕ್ಟರು. ನಮ್ಮ ಒಲೆ ಮೇಲೆ ನಾನು ಇಡಲ್ಲಮ್ಮ. ಹೇಗೂ ನಿಮ್ಮ ಹತ್ರ ಅದಕ್ಕೇ ಅಂತ ಪಾತ್ರೆ ಇದೆ." ಸೆರಗಿನಿಂದ ಒಂದು ತಾಂಬೂಲದ ಚೀಲ ಹೊರಗೆ ಬಂತು, ಅದರಿಂದ ಎರಡು ಮೊಟ್ಟೆ. ಅಷ್ಟರಲ್ಲಿ ಅವರ ಕಿವಿಗೆ ಅಡುಗೆಮನೆಯ ಸದ್ದು ಬಿತ್ತು. "ಓ, ಇಟ್ಟೇಬಿಟ್ಟಿದ್ದೀರಾ? ಒಳ್ಳೇದಾಯ್ತು. ಜೊತೆಗೇ ಹಾಕಿಬಿಡ್ತೀನಿ, ಗ್ಯಾಸೂ ಉಳಿಯುತ್ತೆ."

ಅವರು ಒಲೆಯ ಹತ್ತಿರ ಹೋಗಿ ಮುಚ್ಚಳಕ್ಕೆ ಸೆರಗು ಹಿಡಿದೇಬಿಟ್ಟರು. ಗಂಡ ಹಾರಿ ಬಂದು ನಡುವೆ ನಿಂತ. "ಆಂಟಿ, ಬೇಡ! ಜಾಗ ಇಲ್ಲ, ತುಂಬಿದೆ!"

ಆಂಟಿ ಪಾತ್ರೆ ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಿದರು. "ಇಬ್ಬರಿಗೆ ಅಷ್ಟೊಂದು ಮೊಟ್ಟೆ ತಿಂತೀರಾ? ಅಪರೂಪಕ್ಕೆ ಅಂದ್ರಿ!" ಅಂತ ಕೈಯಲ್ಲಿದ್ದ ಎರಡನ್ನು ನನಗೆ ಕೊಟ್ಟು, ಕೆನ್ನೆ ಬಡಿದುಕೊಂಡು ಇಳಿದು ಹೋದರು. ಆ ರಾತ್ರಿ ಅಂಕಲ್‌ನ ಮೊಟ್ಟೆ ಬೆಂದಿದ್ದು ನಮ್ಮ ಟೀ ಪಾತ್ರೆಯಲ್ಲಿ.

ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವ ಹೊತ್ತಿಗೆ ನಾನು ಗಾಂಧಿ ಬಜಾರಿನಲ್ಲಿದ್ದೆ. ಅದೇ ಎರಡು ಲೀಟರಿನ ಪಾತ್ರೆ, ಅದೇ ಅಂಗಡಿಯವರು. "ಈ ಸಲವೂ ಹೆಸರು ಬೇಡ್ವಾ ಮೇಡಂ?"

"ಹಾಕಿ" ಅಂದೆ. "ಮೊಟ್ಟೆ ಅಂತ. ಸ್ವಲ್ಪ ದೊಡ್ಡದಾಗೇ ಹಾಕಿ."