ಮೈಕ್ರೋಅರೇ ವರದಿ ‘ಸರಿಯಾಗಿದೆ’ ಎಂದರೆ ಏನರ್ಥ?

ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಡಿಎನ್‌ಎ ಮೈಕ್ರೋಅರೇ (ಡಿಎನ್‌ಎಯ ಚೂರುಗಳು ಎಲ್ಲಾದರೂ ಹೆಚ್ಚು ಕಡಿಮೆ ಆಗಿವೆಯೇ ಎಂದು ನೋಡುವ) ಪರೀಕ್ಷೆಯಿಂದ ಎಲ್ಲ ಆನುವಂಶಿಕ ದೋಷಗಳೂ ತಿಳಿಯುತ್ತವೆ ಎಂದು ಒಂದು ಲೇಖನದಲ್ಲಿ ಬರೆದಿರುವುದನ್ನು, ಈ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾನು ಒಪ್ಪಲಾರೆ.

ಈ ಪರೀಕ್ಷೆಯ ಉಪಯೋಗ ದೊಡ್ಡದೇ. ಡೌನ್ ಸಿಂಡ್ರೋಮ್‌ನಂಥ ಸುಲಭವಾಗಿ ಗುರುತಿಸಬಹುದಾದ ಕಾಯಿಲೆಗಳನ್ನು ಬಿಟ್ಟರೆ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು (ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳನ್ನು) ನೋಡುವ ಹಳೆಯ ವಿಧಾನದಲ್ಲಿ ಸುಮಾರು ಶೇ 3ರಷ್ಟು ಮಕ್ಕಳಲ್ಲಿ ಮಾತ್ರ ಕಾರಣ ಸಿಗುತ್ತಿತ್ತು; ಮೈಕ್ರೋಅರೇಯಲ್ಲಿ ಶೇ 15ರಿಂದ 20ರಷ್ಟು ಮಕ್ಕಳಲ್ಲಿ ಸಿಗುತ್ತದೆ. ಇದನ್ನೇ ಮೊದಲ ಪರೀಕ್ಷೆಯಾಗಿ ಮಾಡಬೇಕೆಂದು 2010ರಲ್ಲಿ ತಜ್ಞರು ಶಿಫಾರಸು ಮಾಡಿದ್ದೂ ಇದೇ ಕಾರಣಕ್ಕೆ. ಮಗುವಿನ ಡಿಎನ್‌ಎಗೆ ಒಂದು ಬಣ್ಣ, ಹೋಲಿಕೆಯ ಡಿಎನ್‌ಎಗೆ ಇನ್ನೊಂದು ಬಣ್ಣ ಸೇರಿಸಿ ಡಿಎನ್‌ಎ ಚುಕ್ಕೆಗಳಿರುವ ಗಾಜಿನ ಪಟ್ಟಿಯ ಮೇಲೆ ಹಾಕಿದಾಗ, ಉದಾಹರಣೆಗೆ 22ನೇ ವರ್ಣತಂತುವಿನ ಒಂದು ಪ್ರತಿಯಲ್ಲಿ ಚೂರೊಂದು ಇಲ್ಲದಿದ್ದರೆ, ಆ ಭಾಗದ ಚುಕ್ಕೆಗಳಲ್ಲಿ ಮಗುವಿನ ಬಣ್ಣ ಎದ್ದು ಕಾಣುವಷ್ಟು ಮಂಕಾಗಿರುತ್ತದೆ.

ಆದರೆ ಅದು ಅಳೆಯುವುದು ಡಿಎನ್‌ಎಯ ಪ್ರಮಾಣವನ್ನು. ಚೂರುಗಳು ಕಳೆದುಹೋಗದೆ ಸ್ಥಳವನ್ನಷ್ಟೇ ಅದಲುಬದಲು ಮಾಡಿಕೊಂಡಿದ್ದರೆ, ಅಥವಾ ಜೀನಿನಲ್ಲಿ ಒಂದೇ ಅಕ್ಷರ ತಪ್ಪಿದ್ದರೆ, ಈ ಪರೀಕ್ಷೆಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಬುದ್ಧಿಯ ಬೆಳವಣಿಗೆ ಕುಂಠಿತಗೊಳಿಸುವ ಫ್ರಾಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಗಂತೂ ಬೇರೆಯೇ ಪರೀಕ್ಷೆ ಬೇಕು. ‘ವರದಿ ಸರಿಯಾಗಿದೆ, ಹಾಗಾದರೆ ಮಗುವಿಗೆ ಏನೂ ಇಲ್ಲ ತಾನೇ?’ ಎಂದು ಆಸೆಯಿಂದ ಕೇಳುವ ತಂದೆತಾಯಿಯರಿಗೆ ಇದನ್ನು ರಕ್ತ ತೆಗೆಯುವ ಮುನ್ನವೇ, ಅವರಿಗೆ ಅರ್ಥವಾಗುವ ಮಾತಿನಲ್ಲಿ, ಕೂರಿಸಿಕೊಂಡು ಹೇಳಬೇಕು.