ಮಳೆಗಾಲಕ್ಕೆ ಫೋನಿನ ಕರೆಂಟನ್ನೂ ಕೂಡಿಡಬೇಕು

ಮಲೆನಾಡಿನವರಾದ ನಾವು ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಒಟ್ಟುತ್ತೇವೆ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಫೋನಿಗೆ ಬೇಕಾದ ಕರೆಂಟನ್ನು ಮಾತ್ರ ಕೂಡಿಡುವುದಿಲ್ಲ.

ಕಳೆದ ವರ್ಷದ ಪುಷ್ಯ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ನಮ್ಮೂರಿಗೆ ಮೂರು ದಿನ ಕರೆಂಟಿರಲಿಲ್ಲ. ಇನ್ವರ್ಟರ್ ಎರಡನೆಯ ರಾತ್ರಿಯೇ ಕೂಗಿ ಕೂಗಿ ಆರಿಹೋಗಿತ್ತು. ಮೂರನೆಯ ಸಂಜೆ ಅಮ್ಮನಿಗೆ ಉಬ್ಬಸ ಹೆಚ್ಚಾದಾಗ ನನ್ನ ಫೋನಿನಲ್ಲಿ ಉಳಿದಿದ್ದುದು ಶೇಕಡಾ 4 ಚಾರ್ಜು. ಪಕ್ಕದ ಮನೆಯವರು ಅಂಗಳದಲ್ಲಿ ಜೀಪು ಚಾಲೂ ಮಾಡಿಟ್ಟಿದ್ದರು. ಅದರ ಡ್ಯಾಶ್‌ಬೋರ್ಡಿನ ಮೇಲೆ ಆಗಲೇ ಮೂರು ಮನೆಗಳ ಫೋನುಗಳು ಸರದಿ ಕಾಯುತ್ತಿದ್ದವು. ತುರ್ತೆಂದು ನನ್ನದನ್ನು ಮೊದಲು ಹಾಕಿಕೊಟ್ಟರು. ಚಾರ್ಜು ಏರಿತು, ಆದರೆ ಸಿಗ್ನಲ್ ಸಿಗಲಿಲ್ಲ. ನಮ್ಮ ಮನೆಯೊಳಗೆ ಟವರ್ ಹಿಡಿಯುವುದಿಲ್ಲ. ನಾವು ಮಾತಾಡುವುದೆಲ್ಲ ವೈಫೈ ಕಾಲಿಂಗ್ ಮೂಲಕ, ಅಂದರೆ ಟವರಿನ ಬದಲು ಮನೆಯ ಇಂಟರ್ನೆಟ್ಟಿನಲ್ಲಿ; ಅದನ್ನು ಹಂಚುವ ರೂಟರ್ ಇನ್ವರ್ಟರಿನ ಜೊತೆಗೇ ಸತ್ತಿತ್ತು. ಕಡೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ ಡಾಕ್ಟರಿಗೆ ಫೋನ್ ಮಾಡಿದೆ.

ಹಳೆಯ ಲ್ಯಾಂಡ್‌ಲೈನ್ ಕಾಲದಲ್ಲಿ ಈ ಕಷ್ಟವಿರಲಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ಕರೆಂಟು ತಾಮ್ರದ ತಂತಿಯಲ್ಲೇ ಮನೆಗೆ ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದರೂ ತಂತಿ ಹರಿಯದಿದ್ದರೆ ಫೋನು ಗುಯ್ಗುಡುತ್ತಿತ್ತು. ಈಗ ಮನೆಗೆ ಇಂಟರ್ನೆಟ್ ತರುವ ಫೈಬರ್ ಎಳೆ ಬೆಳಕನ್ನು ತರುತ್ತದೆಯೇ ಹೊರತು ಕರೆಂಟನ್ನು ತರುವುದಿಲ್ಲ. ಆ ಹೊಣೆ ಈಗ ನಮ್ಮ ಮನೆಗೆ ಬಿದ್ದಿದೆ, ಅದನ್ನು ನಮಗೆ ಯಾರೂ ಹೇಳಲಿಲ್ಲ.

ಇನ್ವರ್ಟರ್ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ದೀಪ, ಫ್ಯಾನು, ಟಿವಿಗಳ ಜೊತೆ ಫೋನನ್ನೂ ಅದಕ್ಕೇ ನೇತುಹಾಕಿದರೆ ಎಲ್ಲವೂ ಒಟ್ಟಿಗೇ ಆರುತ್ತವೆ. 12 ವೋಲ್ಟನ್ನು 230ಕ್ಕೆ ಏರಿಸಿ, ರೂಟರಿಗಾಗಿ ಮತ್ತೆ 12ಕ್ಕೆ ಇಳಿಸುವುದರಲ್ಲಿ ನಷ್ಟವೂ ಇದೆ. ಮಾತಿಗೆ ಬೇಕಾದ ಬ್ಯಾಟರಿ ಬೇರೆಯೇ ಇರಬೇಕು.

ಪವರ್ ಬ್ಯಾಂಕ್ ಕೊಳ್ಳುವಾಗ ಡಬ್ಬದ ಮೇಲಿನ ದಪ್ಪ ಅಕ್ಷರವನ್ನಷ್ಟೇ ನಂಬಬೇಡಿ. 10,000 ಎಂಎಎಚ್ ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವಾಟ್-ಅವರ್ (ಒಂದು ವಾಟಿನ ಉಪಕರಣ 37 ಗಂಟೆ ಓಡುವಷ್ಟು). ಅದು 5 ವೋಲ್ಟಿಗೇರಿ ಹೊರಬರುವಾಗ ಸುಮಾರು 6,000 ಉಳಿಯುತ್ತದೆ. ಫೋನಿನ 5,000 ಎಂಎಎಚ್ ಕೂಡ ಸೆಲ್ಲಿನ ಕಡಿಮೆ ವೋಲ್ಟಿನ ಲೆಕ್ಕವೇ ಆದ್ದರಿಂದ ಅದು ಒಂದೂವರೆ ಸಲ ತುಂಬಿದರೆ ಹೆಚ್ಚು. ಮೂರು ದಿನದ ಮಳೆಗೆ 20,000ದ್ದೇ ಬೇಕು. ಆಷಾಢದ ಮೋಡದಡಿ ಸೋಲಾರ್ ಚಾರ್ಜರನ್ನು ನೆಚ್ಚಿಕೊಳ್ಳುವಂತಿಲ್ಲ.

ರೂಟರಿಗೆ ನಾನು ಈ ವರ್ಷ 12 ವೋಲ್ಟ್, 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯೊಂದನ್ನು ಫ್ಯೂಸ್ ಹಾಕಿಸಿ ಜೋಡಿಸಿದ್ದೇನೆ. ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದ್ದರೆ ಮಾತ್ರ ಇದು ಸಲ್ಲುತ್ತದೆ; 5 ಅಥವಾ 9 ವೋಲ್ಟಿನ ರೂಟರಾದರೆ ಸುಟ್ಟುಹೋದೀತು. ಈ ಬ್ಯಾಟರಿಯಲ್ಲಿ 84 ವಾಟ್-ಅವರ್ ಇದ್ದರೂ ಸೀಸದ ಬ್ಯಾಟರಿಯನ್ನು ಪೂರ್ತಿ ಬಸಿದರೆ ಬೇಗ ಹಾಳಾಗುವುದರಿಂದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೇನೆ. ಹತ್ತು ವಾಟಿನ ರೂಟರ್ ಒಂದೇ ಸಮನೆ ಉರಿದರೆ ಅದು ನಾಲ್ಕು ಗಂಟೆಗೆ ಮುಗಿಯುತ್ತದೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಹಚ್ಚಿದರೆ ನಾಲ್ಕು ದಿನ ಬರುತ್ತದೆ.

ಬೆಂಗಳೂರಿನಲ್ಲಿರುವ ತಂಗಿಗೆ ಹೇಳಿಟ್ಟಿದ್ದೇನೆ: ನಮ್ಮಲ್ಲಿ ಕರೆಂಟಿಲ್ಲದ ದಿನ ಬೆಳಗ್ಗೆ 8ಕ್ಕೆ, ಇಲ್ಲವೇ ಸಂಜೆ 7ಕ್ಕೆ ಫೋನ್ ಮಾಡು, ಅಮ್ಮ ರೂಟರಿನ ಪಕ್ಕದಲ್ಲೇ ಕೂತಿರುತ್ತಾರೆ.