ಸತ್ಯಾಂಶ: ಪೆಟ್ಟಿಗೆಯ ಮೇಲಿನ ಸಂಖ್ಯೆ ಹೊಂದಿದರೆ ಫ್ಯೂಯೆಲ್ ಪಂಪ್ ಅಸಲಿಯೇ?

"ಪಾರ್ಟ್ ನಂಬರ್, ಹಾಲೋಗ್ರಾಂ ಸರಿಯಿದ್ದರೆ ಫ್ಯೂಯೆಲ್ ಪಂಪ್ ಅಸಲಿ, ಕಣ್ಣುಮುಚ್ಚಿ ಕೊಳ್ಳಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಸಂಖ್ಯೆಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಾಲೋಗ್ರಾಂ ಕೂಡ ನಕಲಾಗುತ್ತದೆ.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಎರಡು ಪಂಪ್‌ಗಳಿವೆ. ಟ್ಯಾಂಕಿನೊಳಗಿನದು ಕೆಲವೇ ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ; ಇಂಜಿನ್‌ನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡದಿಂದ ನಡೆಯುವ ಇನ್ನೊಂದು ಆ ಒತ್ತಡವನ್ನು 100 ಬಾರ್‌ಗೂ ಮೇಲೇರಿಸುತ್ತದೆ. ಟೈರಿನ ಗಾಳಿ 2 ಬಾರ್ ಆಸುಪಾಸು ಎಂಬುದನ್ನು ನೆನೆದರೆ ಇದರ ರಭಸ ತಿಳಿಯುತ್ತದೆ. ಇಲ್ಲಿ ಸಣ್ಣ ಸೋರಿಕೆಯಾದರೂ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಬಹುದು.

ಹೆಚ್ಚಿನವರು ಗಮನಿಸದೇ ಬಿಡುವುದು ಟ್ಯಾಂಕಿನೊಳಗಿನ ಪಂಪ್‌ಗೆ ಜೋಡಿಸುವ ಹೋಸ್, ಅಂದರೆ ಪೆಟ್ರೋಲ್ ಹರಿಯುವ ಕೊಳವೆ. ಸಾಮಾನ್ಯ ಫ್ಯೂಯೆಲ್ ಹೋಸ್ ಒಳಗೆ ಹರಿಯುವ ಪೆಟ್ರೋಲನ್ನಷ್ಟೇ ತಾಳುತ್ತದೆ. ಟ್ಯಾಂಕಿನಲ್ಲಿ ಮುಳುಗಿಸಿಟ್ಟರೆ ಹೊರಮೈ ಉಬ್ಬಿ, ಮೆತ್ತಗಾಗಿ, ಉಗುರು ತಾಗಿದರೂ ಸುಲಿದು ಬರುತ್ತದೆ. ಅಲ್ಲಿಗೆ ಎಸ್‌ಎಇ 30ಆರ್10 ಗುರುತಿನದೇ (ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ಹೋಸ್‌ನ ಮಾನದಂಡ) ಬೇಕು.

ಕಾರಿನ ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ವಿತರಕರಿಂದಲೇ ತರಿಸಿ, ಜಿಎಸ್‌ಟಿ ಬಿಲ್ ಪಡೆಯಿರಿ. ಕಾರು ಕಂಪನಿಯ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ಆ ಪಂಪ್ ತಯಾರಿಸಿಕೊಡುವ ಮೂಲ ಸಂಸ್ಥೆ ತನ್ನ ಹೆಸರಿನಲ್ಲಿ ಮಾರುವುದೂ ಒಳ್ಳೆಯದೇ. ಜೋಡಿಸುವ ಮುನ್ನ ಹಳೆಯದನ್ನು ಪಕ್ಕದಲ್ಲಿಟ್ಟು ಕನೆಕ್ಟರ್, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ), ಲೋಹದ ಮೇಲೆ ಕೊರೆದ ಅಕ್ಷರಗಳನ್ನು ಹೋಲಿಸಿ ನೋಡಿ.